ಬೈಬಲ್ ಓದುವುದಕ್ಕೆ ಆ ಕಾಲದ ಮನೆ ಹೇಗಿತ್ತು ಅಂತ ಗೊತ್ತಿರಬೇಕಾ?

ಬೈಬಲಿನ ಕಾಲದ ಮನೆ, ಊಟ, ನಂಟಸ್ತಿಕೆ ಇವನ್ನೆಲ್ಲ ತಿಳಿದುಕೊಂಡರೆ ಓದು ಬದಲಾಗುತ್ತಾ, ಅಥವಾ ಸುಮ್ನೆ ಹೆಚ್ಚುವರಿ ಮಾಹಿತಿನಾ ಅಂತ ಕೇಳಿದ್ದೀರಿ. ಬದಲಾಗುತ್ತೆ. ನನಗೆ ಅದು ಗೊತ್ತಾಗಿದ್ದು ಒಂದು ಗೋದಲಿಯಿಂದ, ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿಯಿಂದ.

ನಮ್ಮಜ್ಜಿ ಮನೆ ಧಾರವಾಡ ಕಡೆಯ ಹಳ್ಳಿಯಲ್ಲಿತ್ತು. ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ. ಅಲ್ಲಿಂದ ಮೊಣಕಾಲೆತ್ತರ ಹತ್ತಿದರೆ ಪಡಸಾಲೆ. ಅದರ ಅಂಚಿಗೇ ಗ್ವಾದಲಿ. ರಾತ್ರಿ ಮಲಗಿದರೆ ಎತ್ತು ಮೆಲುಕು ಹಾಕುವ ಸದ್ದು ಕಿವಿ ಪಕ್ಕದಲ್ಲೇ ಕೇಳುತ್ತಿತ್ತು. ಆದರೂ ಕ್ರಿಸ್‌ಮಸ್ ಬಂತೆಂದರೆ ನಾವು ಕಟ್ಟುತ್ತಿದ್ದದ್ದು ಊರಾಚೆಯ ಒಂಟಿ ಕೊಟ್ಟಿಗೆ! ಕಣ್ಣೆದುರಿಗಿದ್ದದ್ದು ಹೊಳೆದೇ ಇರಲಿಲ್ಲ.

ಲೂಕ 2:7 ನೋಡಿ. ಆಗಷ್ಟೇ ಹುಟ್ಟಿದ ಯೇಸುವನ್ನು ಗೋದಲಿಯಲ್ಲಿ ಮಲಗಿಸಿದರು, ಯಾಕಂದರೆ 'ಛತ್ರ'ದಲ್ಲಿ ಸ್ಥಳವಿರಲಿಲ್ಲ ಅಂತ ಹಳೆಯ ಕನ್ನಡ ಬೈಬಲಿನಲ್ಲಿದೆ. ಲೂಕ ಅಲ್ಲಿ ಬಳಸಿರುವ ಗ್ರೀಕ್ ಪದ ಕತಾಲುಮಾ. ಯೇಸು ಕಡೆಯ ಊಟ ಮಾಡಿದ ಮನೆಯ ಕೋಣೆಗೂ (22:11) ಅದೇ ಪದ. ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ನಿಜವಾದ ಛತ್ರ ಬಂದಾಗ (10:34) ಪಂದೊಖೆಯೊನ್ ಅನ್ನುವ ಬೇರೆ ಪದ ಹಾಕುತ್ತಾನೆ. ಹಾಗಾಗಿ ಬೇತ್ಲೆಹೇಮಿನಲ್ಲಿ ತುಂಬಿಹೋಗಿದ್ದದ್ದು ಯಾರದೋ ಮನೆಯ ಅತಿಥಿ ಕೋಣೆ ಅಂತ ಅನೇಕ ವಿದ್ವಾಂಸರು ಓದುತ್ತಾರೆ. ಆ ಕಡೆಯ ಹಳ್ಳಿಮನೆಗಳಲ್ಲೂ ದನಕರು ಒಂದೇ ಸೂರಿನಡಿ ಇರುತ್ತಿದ್ದವು. 1 ಸಮುವೇಲ 28:24ರ ಹೆಂಗಸು ಕೊಬ್ಬಿದ ಕರುವನ್ನು ಮನೆಯೊಳಗೇ ಸಾಕಿಕೊಂಡಿದ್ದಳು. ಅಂದರೆ ಮಗು ಮಲಗಿದ್ದು ಮನೆಮಂದಿಯ ನಡುವೆಯೇ ಇರಬಹುದು. ಕ್ರಿಸ್‌ಮಸ್ ನಾಟಕದಲ್ಲಿ "ಜಾಗ ಇಲ್ಲ, ಹೋಗಿ" ಅಂತ ಬಾಗಿಲು ಹಾಕುವ ಛತ್ರದ ಯಜಮಾನ ಇರ್ತಾನಲ್ವಾ? ಲೂಕನಲ್ಲಿ ಅವನು ಇಲ್ಲವೇ ಇಲ್ಲ. ನಾನು ಎರಡು ವರ್ಷ ಆ ಪಾತ್ರ ಮಾಡಿದ್ದೆ!

ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಇರುತ್ತಿದ್ದರು ಅಂತ ತಲೆಯಲ್ಲಿಟ್ಟುಕೊಂಡರೆ ಇನ್ನೂ ಕೆಲವು ಮಾತು ತಾನಾಗಿ ತಿಳಿಯುತ್ತವೆ. ದೀಪಸ್ತಂಭದ ಮೇಲಿಟ್ಟ ಒಂದು ದೀಪ ಮನೆಯವರಿಗೆಲ್ಲ ಬೆಳಕು ಕೊಡುತ್ತೆ (ಮತ್ತಾಯ 5:15), ಯಾಕಂದರೆ ಮನೆ ಅಂದರೆ ಅಷ್ಟೇ. ನಡುರಾತ್ರಿ ರೊಟ್ಟಿ ಕೇಳಲು ಬಂದ ಗೆಳೆಯನಿಗೆ "ಮಕ್ಕಳು ನನ್ನ ಜೊತೆ ಮಲಗಿದ್ದಾರೆ, ಏಳಲಾರೆ" ಅನ್ನುವವನದು (ಲೂಕ 11:7) ಬರೀ ಸೋಮಾರಿತನ ಅಲ್ಲ. ಅವನೆದ್ದರೆ ಮನೆಯೆಲ್ಲ ಏಳುತ್ತೆ.

ನನಗೆ ಜಾಸ್ತಿ ಇಷ್ಟವಾದದ್ದು ಧರ್ಮೋಪದೇಶಕಾಂಡ 24:6. ಸಾಲಕ್ಕೆ ಬೀಸುವ ಕಲ್ಲನ್ನು, ಅದರ ಮೇಲಿನ ಕಲ್ಲನ್ನು ಕೂಡ, ಒತ್ತೆ ಇಟ್ಟುಕೊಳ್ಳಬಾರದು, ಅದು ಜೀವವನ್ನೇ ಒತ್ತೆ ಇಟ್ಟುಕೊಂಡ ಹಾಗೆ ಅನ್ನುತ್ತೆ. ಕಲ್ಲಿಗೂ ಜೀವಕ್ಕೂ ಏನು ಸಂಬಂಧ? ಆ ಕಾಲದ ಕಲ್ಲು ನಮ್ಮದರ ಹಾಗೆ ಗರಗರ ತಿರುಗುವುದಲ್ಲ. ಕೆಳಗೊಂದು ಉದ್ದನೆಯ ಕಲ್ಲು. ಹೆಂಗಸರು ಮೊಣಕಾಲೂರಿ ಕೂತು, ಮೇಲಿನ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಉಜ್ಜಬೇಕು. ಆ ಮೇಲಿನ ಕಲ್ಲು ಎತ್ತಿಕೊಂಡು ಹೋಗುವಷ್ಟೇ ಭಾರ. ಸಾಲ ಕೊಟ್ಟವನು ಅದೊಂದನ್ನು ಕಂಕುಳಲ್ಲಿಟ್ಟುಕೊಂಡು ಹೊರಟರೆ ಸಾಕು, ಕಾಳಿದ್ದರೂ ಹಿಟ್ಟಿಲ್ಲ, ಆವತ್ತು ಮಕ್ಕಳಿಗೆ ರೊಟ್ಟಿಯಿಲ್ಲ.

ಮನೆ ಅಂದರೆ ಮದುವೆ, ವಾರಸುದಾರಿಕೆಯೂ ಸೇರುತ್ತೆ. ಮಕ್ಕಳಿಲ್ಲದ ಸಾರಯಳು ತನ್ನ ದಾಸಿ ಹಾಗರಳನ್ನು ಗಂಡ ಅಬ್ರಾಮನಿಗೆ ಕೊಡುವುದು (ಆದಿಕಾಂಡ 16) ನಮಗೆ ವಿಚಿತ್ರ ಅನ್ನಿಸುತ್ತೆ. ಇರಾಕಿನ ಕಿರ್ಕುಕ್ ಹತ್ತಿರ ನುಜಿ ಎಂಬ ಪುರಾತನ ಪಟ್ಟಣದ ಜಾಗದಲ್ಲಿ 1925ರಿಂದ 1931ರವರೆಗೆ ಅಗೆದಾಗ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕವು. ಅದರಲ್ಲೊಂದು ಮದುವೆ ಕರಾರು: ಹೆಂಡತಿಗೆ ಮಕ್ಕಳಾಗದಿದ್ದರೆ ಅವಳೇ ಗಂಡನಿಗೆ ಒಬ್ಬ ದಾಸಿಯನ್ನು ತಂದುಕೊಡಬೇಕು. ನುಜಿ ಸಿಕ್ಕ ಹೊಸದರಲ್ಲಿ ವಿದ್ವಾಂಸರು ಆದಿಕಾಂಡದ ಎಲ್ಲಕ್ಕೂ ಅಲ್ಲೇ ಉತ್ತರ ಹುಡುಕಿ ಸ್ವಲ್ಪ ಅತಿ ಮಾಡಿದರು. ಆಮೇಲೆ ಅದರಲ್ಲಿ ಎಷ್ಟೋ ಹೋಲಿಕೆ ಬಿದ್ದುಹೋದವು. ಇದು ಮಾತ್ರ ಉಳಿದಿದೆ.

ಒಂದು ವಿಷಯಕ್ಕೆ ಹುಷಾರಾಗಿರಿ. 'ಪದ್ಧತಿ' ಅಂತ ಹೇಳಿಕೊಂಡು ಬರುವುದೆಲ್ಲ ಪದ್ಧತಿಯಲ್ಲ. ಯೋಹಾನ 20:7ರಲ್ಲಿ ಯೇಸುವಿನ ಖಾಲಿ ಸಮಾಧಿಯೊಳಗೆ ತಲೆಯ ವಸ್ತ್ರ ಬೇರೆಯಾಗಿ ಸುತ್ತಿಟ್ಟಿತ್ತು ಅಂತಿದೆಯಲ್ಲ, ಅದಕ್ಕೊಂದು ವಾಟ್ಸಾಪ್ ಕಥೆ ಓಡಾಡುತ್ತೆ. ಯೆಹೂದ್ಯ ಯಜಮಾನ ಊಟದ ನಡುವೆ ಕರವಸ್ತ್ರ ಮಡಚಿಟ್ಟು ಎದ್ದರೆ 'ಮತ್ತೆ ಬರುತ್ತೇನೆ' ಅಂತ ಅರ್ಥವಂತೆ. ಇಂಥ ಪದ್ಧತಿ ಹಳೆಯ ಯಾವ ಯೆಹೂದ್ಯ ಬರಹದಲ್ಲೂ ಇಲ್ಲ. ಅಲ್ಲಿರುವ ಪದ ಸೂದಾರಿಯೊನ್, ಅಂದರೆ ಬೆವರು ಒರೆಸುವ ಬಟ್ಟೆ. ಸತ್ತು ಸಮಾಧಿಯಿಂದ ಎದ್ದುಬಂದ ಲಾಜರನ ಮುಖಕ್ಕೆ ಸುತ್ತಿದ್ದದ್ದೂ ಅದೇ (11:44). ನಮ್ಮ ಮನೆ ಗ್ರೂಪಿಗೆ ಆ ಕಥೆ ಪ್ರತಿ ಈಸ್ಟರ್‌ಗೂ ಬರುತ್ತೆ. ಮೊದಲ ಸಲ ಅದನ್ನು ಎಲ್ಲರಿಗೂ ಕಳಿಸಿದವನು ನಾನೇ.