ಮೊಣಕೈ ಮುರಿತಕ್ಕೆ ಸಿಟಿ ಸ್ಕ್ಯಾನ್: ವಿಕಿರಣ ತಗ್ಗಿಸುವುದು ಹೇಗೆ?

ಪ್ರಶ್ನೆ: ಹನ್ನೆರಡು ವರ್ಷದ ನನ್ನ ಮಗ ಆಡುವಾಗ ಬಿದ್ದು ಬಲ ಮೊಣಕೈ ಮುರಿದುಕೊಂಡಿದ್ದಾನೆ. ಮುರಿತವು ಕೀಲಿನೊಳಕ್ಕೂ ಹೋದಂತಿರುವುದರಿಂದ ಶಸ್ತ್ರಚಿಕಿತ್ಸೆಗೆ ಮೊದಲು ಸಿಟಿ ಸ್ಕ್ಯಾನ್ ಆಗಬೇಕೆಂದು ಮೂಳೆ ತಜ್ಞರು ಹೇಳಿದ್ದಾರೆ. ಒಂದು ಸಿಟಿ ಸ್ಕ್ಯಾನ್ ನೂರಾರು ಎಕ್ಸ್-ರೇಗಳಿಗೆ ಸಮವೆಂದು ಕೇಳಿ ಗಾಬರಿಯಾಗಿದೆ. ವಿಕಿರಣವನ್ನು ಕಡಿಮೆ ಮಾಡಿಸಬಹುದೇ? ಸೀಸದ ಏಪ್ರನ್ ಹೊದಿಸಿದರೆ ಸಾಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಕೇಳಿದ ಮಾತು ಹೊಟ್ಟೆಯ ಸಿಟಿ ಸ್ಕ್ಯಾನನ್ನು ಎದೆಯ ಒಂದು ಎಕ್ಸ್-ರೇಗೆ ಹೋಲಿಸಿದಾಗ ನಿಜ, ಮೊಣಕೈಗೆ ಅದು ಹೊಂದುವುದಿಲ್ಲ. ವಿಕಿರಣದಿಂದ ಆಗಬಹುದಾದ ಹಾನಿಯನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುವಾಗ ಕಿರಣ ಬಿದ್ದ ಅಂಗ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಶ್ವಾಸಕೋಶ, ಸ್ತನ, ಜಠರ, ದೊಡ್ಡ ಕರುಳಿನಂತಹ ಸೂಕ್ಷ್ಮ ಅಂಗಗಳೆಲ್ಲ ಮುಂಡದಲ್ಲಿರುವುದರಿಂದ ಬೆನ್ನುಮೂಳೆ ಅಥವಾ ಸೊಂಟದ ಮೂಳೆಯ ಸ್ಕ್ಯಾನ್ ಹಲವು ಮಿಲಿಸೀವರ್ಟ್‌ಗಳಷ್ಟಾದರೆ, ಮಣಿಕಟ್ಟು, ಮೊಣಕೈಗಳ ಸ್ಕ್ಯಾನ್ ಸರಿಯಾಗಿ ಮಾಡಿದಾಗ ಸಾಮಾನ್ಯವಾಗಿ ಒಂದು ಮಿಲಿಸೀವರ್ಟ್‌ನ ಸಣ್ಣ ಭಾಗದಲ್ಲೇ ಮುಗಿಯುತ್ತದೆ. ನೆಲ, ಗಾಳಿ, ಆಹಾರ, ಆಕಾಶಗಳಿಂದ ನಮಗೆಲ್ಲ ತಾನಾಗಿಯೇ ತಗಲುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್.

‘ಸರಿಯಾಗಿ ಮಾಡಿದಾಗ’ ಎಂಬುದರಲ್ಲೇ ನಿಮ್ಮ ಪ್ರಶ್ನೆಯ ಉತ್ತರವಿದೆ. ಮೊಣಕೈಯನ್ನು ಮೈಗೆ ಒತ್ತಿಕೊಂಡು ಮಲಗಿಸಿದರೆ ಕಿರಣಗಳು ಎದೆ-ಹೊಟ್ಟೆಯನ್ನೂ ಹಾದುಹೋಗಬೇಕಾಗುತ್ತದೆ. ಅಷ್ಟೇ ಅಲ್ಲ, ದಪ್ಪಕ್ಕೆ ತಕ್ಕಂತೆ ಪ್ರಮಾಣ ಹೊಂದಿಸಿಕೊಳ್ಳುವ ಯಂತ್ರವು ಇಡೀ ಮುಂಡವನ್ನು ದಾಟಿಸಲೆಂದು ಕಿರಣವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹುಡುಗನ ಕೈಯನ್ನು ತಲೆಯ ಮೇಲಕ್ಕೆ ಚಾಚಿಸಿ, ತಲೆಯನ್ನು ಆದಷ್ಟು ಬದಿಗೆ ಸರಿಸಿ ಮಲಗಿಸಿದರೆ ಈ ಎರಡೂ ತೊಂದರೆಗಳು ತಪ್ಪುತ್ತವೆ. ಮುರಿದ ಕೈಯನ್ನು ಎತ್ತುವುದು ನೋವಿನ ಕೆಲಸವಾದ್ದರಿಂದ, ವೈದ್ಯರ ಸಲಹೆಯಂತೆ ಮೊದಲೇ ನೋವಿನ ಔಷಧಿ ಕೊಡಿಸಿ. ನೋವಿಗೆ ಅಲುಗಾಡಿ ಚಿತ್ರ ಕದಡಿದರೆ ಸ್ಕ್ಯಾನನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ, ಆಗ ವಿಕಿರಣವೂ ಇಮ್ಮಡಿ.

ಎರಡನೆಯ ಅನುಕೂಲ ಮೂಳೆಯದೇ. ಯಕೃತ್ತಿನೊಳಗಿನ ಸಣ್ಣ ಗಂಟನ್ನು ಸುತ್ತಲಿನ ಮಾಂಸದಿಂದ ಬೇರ್ಪಡಿಸಿ ತೋರಿಸಲು ನುಣುಪಾದ ಚಿತ್ರ ಬೇಕು, ಅಂದರೆ ಹೆಚ್ಚು ಕಿರಣ ಬೇಕು. ಕ್ಯಾಲ್ಸಿಯಂ ತುಂಬಿದ ಮೂಳೆಯಾದರೋ ತಾನಾಗಿಯೇ ಎದ್ದು ಕಾಣುತ್ತದೆ. ವಿಕಿರಣವನ್ನು ಕಾಲು ಭಾಗಕ್ಕೆ ಇಳಿಸಿದರೆ ಚಿತ್ರದ ಮರಳುಮರಳುತನ ಎರಡು ಪಟ್ಟಾಗುತ್ತದೆಯಷ್ಟೇ. ಬಿರುಕು, ಸರಿದ ಚೂರು, ಕೀಲಿನ ಮೇಲ್ಮೈಯಲ್ಲಿ ಮೆಟ್ಟಿಲಿನಂತೆ ಆದ ಏರುಪೇರು ಆ ಚಿತ್ರದಲ್ಲೂ ಬಹುಮಟ್ಟಿಗೆ ತಿಳಿಯುತ್ತವೆ. ಆದ್ದರಿಂದ ಅಂದವಾದ ಚಿತ್ರಕ್ಕಿಂತ ಶಸ್ತ್ರಚಿಕಿತ್ಸಕರಿಗೆ ಸಾಕಾಗುವ ಚಿತ್ರವೇ ಇಲ್ಲಿ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಹೊಸ ಯಂತ್ರಗಳಲ್ಲಿ ಈ ಮರಳುಮರಳುತನವನ್ನು ಲೆಕ್ಕಾಚಾರದಿಂದಲೇ ಕಳೆಯುವ ತಂತ್ರಾಂಶವಿರುತ್ತದೆ. ಕೆಲವು ಯಂತ್ರಗಳಲ್ಲಿ ದುರ್ಬಲ ಕಿರಣಗಳನ್ನು ಮೊದಲೇ ತಡೆಯುವ ತವರದ ತೆಳು ಶೋಧಕವೂ ಇರುತ್ತದೆ. ಹಳೆಯ ಯಂತ್ರದಲ್ಲೂ ಕಿರಣ ಹೊರಡಿಸುವ ಟ್ಯೂಬಿನ ಕರೆಂಟನ್ನು ಅರ್ಧಕ್ಕೆ ಇಳಿಸಿದರೆ ವಿಕಿರಣ ಅರ್ಧವಾಗುತ್ತದೆ. ದೊಡ್ಡವರಿಗೆಂದು ಹೊಂದಿಸಿದ ಪ್ರಮಾಣವನ್ನೇ ಮಕ್ಕಳಿಗೂ ಬಳಸುವುದು ಒಂದು ಕಾಲದಲ್ಲಿ ಹಲವೆಡೆ ಸಾಮಾನ್ಯವಾಗಿತ್ತು. ಹೀಗಾಗಿ ‘ಮಕ್ಕಳ ಪ್ರೋಟೋಕಾಲ್ (ಮಕ್ಕಳಿಗೆಂದೇ ಹೊಂದಿಸಿದ ಪ್ರಮಾಣ) ಹಾಕುತ್ತೀರಾ?’ ಎಂದು ಟೆಕ್ನಿಷಿಯನ್ ಅವರನ್ನು ಸಂಕೋಚವಿಲ್ಲದೆ ಕೇಳಿ. ಇಡೀ ತೋಳಿನ ಬದಲು ಮೊಣಕೈಯಷ್ಟನ್ನೇ, ಒಂದೇ ಸುತ್ತಿನಲ್ಲಿ ಸ್ಕ್ಯಾನ್ ಮಾಡಿದರೆ ಸಾಕು. ಬರೀ ಮುರಿತ ನೋಡಲು ಸಾಮಾನ್ಯವಾಗಿ ಕಾಂಟ್ರಾಸ್ಟ್ ಇಂಜೆಕ್ಷನ್ (ರಕ್ತನಾಳ, ಅಂಗಗಳು ಚಿತ್ರದಲ್ಲಿ ಎದ್ದು ಕಾಣಲೆಂದು ಕೊಡುವ ಔಷಧಿ) ಬೇಕಾಗುವುದಿಲ್ಲ.

ಸೀಸದ ಏಪ್ರನ್‌ನಿಂದ ನೀವು ನಿರೀಕ್ಷಿಸುವಷ್ಟು ಲಾಭವಿಲ್ಲ. ಅದರ ಅಂಚು ಸ್ಕ್ಯಾನ್ ಆಗುವ ಜಾಗಕ್ಕೆ ಸರಿದು ಬಂದರಂತೂ ಚಿತ್ರ ಕೆಡುತ್ತದೆ, ಯಂತ್ರ ಕಿರಣವನ್ನು ಹೆಚ್ಚಿಸುವ ಸಾಧ್ಯತೆಯೂ ಉಂಟು. ಸ್ಕ್ಯಾನ್ ವೇಳೆ ನೀವು ಒಳಗೆ ನಿಲ್ಲಬೇಕಾಗಿ ಬಂದರೆ ಏಪ್ರನ್ ನಿಮಗೆ ಬೇಕು. ಗರ್ಭಿಣಿಯಾಗಿರುವ ಸಾಧ್ಯತೆಯಿದ್ದವರು ಮಾತ್ರ ಒಳಗೆ ನಿಲ್ಲಬಾರದು.

ಸ್ಕ್ಯಾನನ್ನೇ ಬಿಡಬಹುದೇ ಎಂದು ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ: ಕೀಲಿನೊಳಗಿನ ಮುರಿತವನ್ನು ಎಲ್ಲಿಂದ ತೆರೆದು, ಯಾವ ಚೂರನ್ನು ಹೇಗೆ ಕೂರಿಸಬೇಕೆಂಬುದು ಈ ಚಿತ್ರದಿಂದಲೇ ನಿರ್ಧಾರವಾಗುವುದಾದರೆ ಬಿಡಬೇಡಿ. ಚಿತ್ರಗಳ ಸಿಡಿಯನ್ನು ಕೇಳಿ ಪಡೆದಿಟ್ಟುಕೊಳ್ಳಿ. ಮುಂದೆ ಬೇರೆ ಆಸ್ಪತ್ರೆಗೆ ಹೋದಾಗ ಅದನ್ನೇ ತೋರಿಸಿದರೆ ಮರುಸ್ಕ್ಯಾನ್ ತಪ್ಪಬಹುದು. ಮೂಳೆ ಕೂಡಿದೆಯೇ ಎಂದು ಆಮೇಲೆ ನೋಡಲು ಹೆಚ್ಚಿನವರಿಗೆ ಸಾಧಾರಣ ಎಕ್ಸ್-ರೇ ಸಾಕಾಗುತ್ತದೆ.