ಎನ್2, ಎನ್1 ವ್ಯಾಕರಣ ಯಾವ ಕ್ರಮದಲ್ಲಿ ಕಲಿಸಬೇಕು? ವಿದ್ಯಾರ್ಥಿಗಳಿಗೆ ಪಟ್ಟಿ ಬಾಯಿಪಾಠ, ವಾಕ್ಯ ಮಾತ್ರ ತಪ್ಪು

ಜಪಾನೀಸ್ ಭಾಷಾ ಪ್ರಾವೀಣ್ಯ ಪರೀಕ್ಷೆಯಾದ ಜೆಎಲ್‌ಪಿಟಿಯ ಮೇಲಿನ ಎರಡು ಹಂತ ಎನ್2, ಎನ್1ರ ಪಟ್ಟಿಯಲ್ಲಿರುವ ಇನ್ನೂರು ವ್ಯಾಕರಣ ಮಾದರಿ ಯಾವ ಕ್ರಮದಲ್ಲಿ ಮುಗಿಸಲಿ, ಯಾವ ಪುಸ್ತಕ ಹಿಡಿಯಲಿ ಅಂತ ಕೇಳಿದ್ದೀರಿ. ಎನ್2 ಪಾಠ ಹೇಳೋಕೆ ಶುರು ಮಾಡಿದಾಗ ನನ್ನ ತಲೆಯಲ್ಲೂ ಇದೇ ಲೆಕ್ಕ ಇತ್ತು. ಆದರೆ ನಿಮ್ಮ ಸಮಸ್ಯೆ ಕ್ರಮದ್ದಲ್ಲ. ಆ ಪಟ್ಟಿಯೂ ಅಧಿಕೃತವಲ್ಲ. 2010ರಲ್ಲಿ ಜೆಎಲ್‌ಪಿಟಿ ಐದು ಹಂತಗಳಿಗೆ ಬದಲಾದ ಮೇಲೆ ಪರೀಕ್ಷೆ ನಡೆಸುವವರು ವ್ಯಾಕರಣದ ಪಟ್ಟಿ ಪ್ರಕಟಿಸುವುದನ್ನೇ ಬಿಟ್ಟರು. ಈಗ ಅಂಗಡಿಯಲ್ಲಿ ಸಿಗುವುದೆಲ್ಲ ಪ್ರಕಾಶಕರ ಅಂದಾಜು. ಒಂದೇ ಮಾದರಿ ಒಂದು ಪುಸ್ತಕದಲ್ಲಿ ಎನ್2, ಇನ್ನೊಂದರಲ್ಲಿ ಎನ್1 ಆಗಿರುವುದು ಅದಕ್ಕೇ.

ಕೆಡುವುದು ಒಂದೇ ಜಾಗದಲ್ಲಿ: ಮಾದರಿಯ ಎದುರಿಗೆ ಒಂದು ಅರ್ಥ ಬರೆದು ಮುಂದಕ್ಕೆ ಹೋಗುವುದು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ‘ತೊತನ್’, ‘ಶಿದೈ’, ‘ಯ ಇನ ಯ’, ‘ನರಿ’, ‘ಸೊಬ ಕರ’ ಇವೆಲ್ಲಕ್ಕೂ ಕನ್ನಡದಲ್ಲಿ ‘ಕೂಡಲೇ’ ಅಂತ ಬರೆದುಬಿಡಬಹುದು. ಬೋರ್ಡಿನ ಮೇಲೆ ಚೆಂದ ಕಾಣುತ್ತದೆ. ಆದರೆ ನಮ್ಮ ‘ಕೂಡಲೇ’ಗೆ ಯಾವ ಕಟ್ಟೂ ಇಲ್ಲ. ‘ಬಂದ ಕೂಡಲೇ ಫೋನ್ ಮಾಡು’ ಅನ್ನಬಹುದು, ‘ಬಾಗಿಲು ತೆಗೆದ ಕೂಡಲೇ ಬೆಕ್ಕು ಹೊರಗೆ ಹಾರಿತು’ ಅಂತಲೂ ಅನ್ನಬಹುದು. ಜಪಾನೀಸಿನಲ್ಲಿ ಈ ಎರಡು ವಾಕ್ಯಗಳಿಗೆ ಒಂದೇ ಮಾದರಿ ಹಾಕಲು ಬರುವುದಿಲ್ಲ. ‘ಕೂಕೋ ನಿ ತ್ಸುಕಿ ಶಿದೈ, ದೆನ್ವ ಶಿಮಸು’ (ಏರ್‌ಪೋರ್ಟ್ ತಲುಪಿದ ಕೂಡಲೇ ಫೋನ್ ಮಾಡ್ತೀನಿ) ಸರಿ. ಅದೇ ವಾಕ್ಯ ‘ಶಿಮಶಿತ’ ಅಂತ ಭೂತಕಾಲದಲ್ಲಿ ಮುಗಿದರೆ ತಪ್ಪು. ‘ದೊಅ ಒ ಅಕೆತ ತೊತನ್, ನೆಕೊ ಗ ತೊಬಿದಶಿತ’ ಸರಿ. ‘ತೊತನ್’ ಆದಮೇಲೆ ಫೋನ್ ಮಾಡ್ತೀನಿ, ಫೋನ್ ಮಾಡು ಅಂದರೆ ತಪ್ಪು. ‘ತೊತನ್’ ನಂತರ ಬರುವುದು ಹೇಳುವವನು ನಿರೀಕ್ಷಿಸದೆ ಕಂಡದ್ದು. ಅವನ ಸಂಕಲ್ಪ, ಕೋರಿಕೆ, ಆಜ್ಞೆ ಅಲ್ಲಿಗೆ ಸೇರುವುದಿಲ್ಲ.

ಕನ್ನಡದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ನಾಳೆಯ ಮಾತಾದರೂ ನಾವು ‘ಬಂದ ಕೂಡಲೇ’ ಅಂತ ಭೂತಕೃದಂತವನ್ನೇ ಹಾಕುತ್ತೇವೆ. ಹಾಗಾಗಿ ವಿದ್ಯಾರ್ಥಿಯ ಕೈ ತಾನಾಗಿ ‘ತ್ಸುಯ್ತ ಶಿದೈ’ ಅಂತ ಬರೆಯುತ್ತದೆ. ‘ಶಿದೈ’ಗೆ ಬೇಕಾದ್ದು ‘ಮಸು’ ತೆಗೆದ ರೂಪ, ‘ಯ ಇನ ಯ’ಗೆ ನಿಘಂಟು ರೂಪ, ‘ತೊತನ್’ಗೆ ‘ತ’ ಅಂತ ಮುಗಿಯುವ ಭೂತಕಾಲದ ರೂಪ. ಅರ್ಥ ಬಾಯಿಪಾಠ ಮಾಡಿದವನಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಪರೀಕ್ಷೆಯಲ್ಲಿ ನಾಲ್ಕು ತುಂಡು ಜೋಡಿಸಿ ನಕ್ಷತ್ರದ ಗುರುತಿರುವ ಜಾಗಕ್ಕೆ ಯಾವುದು ಬರುತ್ತದೆ ಅಂತ ಹೇಳುವ ಪ್ರಶ್ನೆಯಲ್ಲಿ ಅವನು ಸಿಕ್ಕಿಬೀಳುವುದೂ ಇಲ್ಲೇ.

ಆದ್ದರಿಂದ ಮಾದರಿಯನ್ನು ವಾಕ್ಯದ ಎರಡನೇ ಅರ್ಧದಿಂದ, ಅಂದರೆ ‘ಕೋಕೆನ್’ ಕಡೆಯಿಂದ ಕಲಿಸಿ. 90 ನಿಮಿಷದ ಕ್ಲಾಸಿಗೆ ಮೂರು ಮಾದರಿ, ಹೆಚ್ಚೆಂದರೆ ನಾಲ್ಕು. ಒಂದೊಂದಕ್ಕೂ ಐದು ಪೂರ್ತಿ ವಾಕ್ಯ ಬೋರ್ಡಿನ ಮೇಲೆ ಬರೆಯಿರಿ, ಅರ್ಥ ಬರೆಯಬೇಡಿ. ಮೂರು ಪ್ರಶ್ನೆ ಕೇಳಿ: ಮಾದರಿಗೆ ಮುಂಚೆ ಕ್ರಿಯಾಪದ ಯಾವ ರೂಪದಲ್ಲಿದೆ? ಎರಡನೇ ಅರ್ಧ ನಡೆದು ಹೋದದ್ದೋ, ನಡೆಯಬೇಕಾದದ್ದೋ? ಎರಡೂ ಕಡೆ ಕರ್ತೃ ಒಬ್ಬನೇನಾ? ಈ ಮೂರನೇ ಪ್ರಶ್ನೆಯಿಂದಲೇ ‘ನರಿ’ ಬಿಡಿಸಿಕೊಳ್ಳುತ್ತದೆ. ‘ಮುಸುಕೊ ವ ಕಯೆರು ನರಿ, ಹೆಯ ನಿ ತೊಜಿಕೊಮೊತ್ತ’ ಅಂದರೆ ಮನೆಗೆ ಬಂದವನೂ ಮಗನೇ, ಬಂದಿದ್ದೇ ರೂಮು ಸೇರಿಕೊಂಡವನೂ ಮಗನೇ. ‘ಸೊಬ ಕರ’ ಬಂದರೆ ಕೆಲಸ ಮತ್ತೆ ಮತ್ತೆ ನಡೆಯುತ್ತಿರಬೇಕು: ಕಲಿತ ಹಾಗೇ ಮರೆತುಹೋಗುತ್ತಿದೆ ಅನ್ನುವಂಥದ್ದು.

ಆಮೇಲೆ ಎರಡು ಮೊದಲರ್ಧ, ಎಂಟು ಎರಡನೇ ಅರ್ಧ ಚೀಟಿಗಳಲ್ಲಿ ಕೊಟ್ಟು ಹೊಂದಿಸಲು ಹೇಳಿ. ಎರಡು ಚೀಟಿ ಬೇಕೆಂದೇ ಯಾವುದಕ್ಕೂ ಹೊಂದದ ಹಾಗಿರಲಿ. ‘ಇದು ಯಾಕೆ ಬರಲ್ಲ?’ ಅನ್ನುವ ವಾದ ಹತ್ತುವುದು ಆ ಎರಡು ಚೀಟಿಯ ಮೇಲೆ, ಕಲಿಯುವುದೂ ಆ ವಾದದಲ್ಲೇ. ಅರ್ಥ ಹೇಳುವುದಿದ್ದರೆ ಇದಾದ ಮೇಲೆ ಹೇಳಿ. ಮುಂದಿನ ಕ್ಲಾಸನ್ನು ಹಳೆಯ ಮಾದರಿಗಳ ಜೊತೆ ಬೆರೆಸಿದ ಹತ್ತು ನಿಮಿಷದ ಅಭ್ಯಾಸದಿಂದ ಶುರು ಮಾಡಿ.

‘ಆಗಲ್ಲ’ ಅನ್ನುವ ಗುಂಪೂ ಇಷ್ಟೇ ಅಪಾಯ. ‘ಒಕೊತಎ ಶಿಕನೆಮಸು’ ಅಂದರೆ ಆಫೀಸಿನ ಮರ್ಯಾದೆಯಲ್ಲಿ ‘ಉತ್ತರಿಸಲು ಆಗುವುದಿಲ್ಲ’. ನಿಷೇಧದ ಪ್ರತ್ಯಯವೇ ಇಲ್ಲದೆ ನಿಷೇಧ. ಆದರೆ ಕಾಂಜಿ (ಚೀನೀ ಮೂಲದ ಅಕ್ಷರ) ಓದಲು ಬರದವನು ‘ಯೊಮಿಕನೆರು’ ಅನ್ನಬಾರದು, ಏಕೆಂದರೆ ‘ಕನೆರು’ ಸಂಕೋಚಕ್ಕೆ, ಸ್ಥಾನದ ಕಟ್ಟಿಗೆ ಬರುತ್ತದೆ, ಕೌಶಲದ ಕೊರತೆಗಲ್ಲ. ‘ಕನೆನೈ’ ಬಂದರೆ ಮಾತು ಇನ್ನೊಂದು ದಿಕ್ಕಿಗೆ ತಿರುಗಿ ‘ಹೀಗಾದರೂ ಆದೀತು’ ಆಗುತ್ತದೆ, ಅದೂ ಕೆಟ್ಟದ್ದಕ್ಕೆ ಮಾತ್ರ. ಅಪಘಾತವಾದೀತು ಅನ್ನಬಹುದು, ಪಾಸಾದೀತು ಅನ್ನಲಾಗದು.

ಪುಸ್ತಕದ ವಿಷಯಕ್ಕೆ ಬಂದರೆ, ಕೈಯಲ್ಲಿರುವುದೇ ಸಾಕು. ಅದರ ಉದಾಹರಣೆಗಳು ಮಾತ್ರ ಸಾಲುವುದಿಲ್ಲ. ಜಪಾನಿನ ರಾಷ್ಟ್ರೀಯ ಭಾಷಾ ಸಂಶೋಧನಾ ಸಂಸ್ಥೆ ‘ನಿಂಜಾಲ್’ ಸುಮಾರು 10 ಕೋಟಿ ಪದಗಳ ಬರಹದ ಕಾರ್ಪಸ್ (ನಿಜವಾದ ಬರಹಗಳ ಸಂಗ್ರಹ) ಕಟ್ಟಿದೆ. ‘ಚೂನಗೊನ್’ ಅನ್ನುವ ಅದರ ಹುಡುಕು ತಾಣಕ್ಕೆ ನೋಂದಾಯಿಸಿಕೊಂಡರೆ ದುಡ್ಡಿಲ್ಲದೆ ಬಳಸಬಹುದು. ಮಾದರಿ ಹಾಕಿ ಹುಡುಕಿ, ಮೊದಲ ಮೂವತ್ತು ವಾಕ್ಯಗಳ ಕೊನೆ ಮಾತ್ರ ಓದಿ. ಎರಡನೇ ಅರ್ಧದ ಸ್ವಭಾವ ಅಲ್ಲೇ ಕಾಣುತ್ತದೆ, ಚೀಟಿಗೆ ವಾಕ್ಯಗಳೂ ಸಿಗುತ್ತವೆ.

ಎಲ್ಲವನ್ನೂ ಬಳಸುವ ಮಟ್ಟಕ್ಕೆ ಕಲಿಸಲು ಹೋಗಬೇಡಿ. ಎನ್1ರಲ್ಲಿ 180ಕ್ಕೆ 100 ಬಂದರೆ ಪಾಸು, ಜೊತೆಗೆ ಮೂರೂ ವಿಭಾಗಗಳಲ್ಲಿ 60ಕ್ಕೆ ಕನಿಷ್ಠ 19 ಬರಬೇಕು. ವ್ಯಾಕರಣ ಇರುವುದು ಪದ, ಕಾಂಜಿಗಳ ಜೊತೆ ಒಂದೇ 60ರೊಳಗೆ. ‘ಗ ಹಯೈ ಕ’, ‘ತರಿತೊಮೊ’, ‘ಬೆಕರಜು’ ಇಂಥವನ್ನು ಓದಿದಾಗ ಗುರುತಿಸಿದರೆ ಸಾಕು, ಅವುಗಳಿಂದ ವಾಕ್ಯ ಬರೆಸಬೇಡಿ. ಬರೆಸುವುದಿದ್ದರೆ ‘ಶಿದೈ’, ‘ಕರ ನಿವ’, ‘ಕನೆರು’, ‘ವಕೆ ನಿವ ಇಕನೈ’ ಬರೆಸಿ. ಜಪಾನೀ ಕಂಪನಿಯ ಮೇಲ್‌ಗಳಲ್ಲಿ ಅವು ಕೆಲಸಕ್ಕೆ ಬರುತ್ತವೆ. ಹೋಮ್‌ವರ್ಕಿನಲ್ಲಿ ಮೊದಲರ್ಧ ನೀವೇ ಕೊಡಿ, ಅವರು ಎರಡನೇ ಅರ್ಧ ಬರೆಯಲಿ. ತಿದ್ದುವಾಗಲೂ ಕೆಂಪು ಪೆನ್ನು ಅಷ್ಟಕ್ಕೇ ಓಡಲಿ. ಕಾಂಜಿ ತಪ್ಪನ್ನೂ ಅದರ ಜೊತೆಗೇ ತಿದ್ದಿದರೆ ವಿದ್ಯಾರ್ಥಿ ನೋಡುವುದು ಕಾಂಜಿಯನ್ನೇ.