ಉ: ಕ್ಯಾರೆಕ್ಟರ್ ಮುಖ ಚೆನ್ನಾಗಿದೆ, ಆದ್ರೂ ಜನ ಅದರ ಮಾತಿಗೆ ಅಡ್ಡ ಬರ್ತಾರೆ
ಜನರ ಜೊತೆ ದನಿಯಲ್ಲಿ ಮಾತಾಡೋ ನಿಮ್ಮ ಕಂಪ್ಯೂಟರ್ ಕ್ಯಾರೆಕ್ಟರ್‌ಗೆ ಹೊಸ ಮುಖ ಹಾಕಿದ್ರೂ ಜನ ಮಧ್ಯೆ ಬಾಯಿ ಹಾಕ್ತಾರೆ, ಗಾಡ್‌ಸ್ಪೀಡ್ ಸ್ಕೋರ್ (ರೋಬೋಟ್, ಕ್ಯಾರೆಕ್ಟರ್‌ಗಳು ಜನಕ್ಕೆ ಎಷ್ಟು ಮನುಷ್ಯರ ಥರ, ಎಷ್ಟು ಇಷ್ಟ ಅನ್ಸುತ್ತೆ ಅಂತ ಅಳೆಯೋ ಪ್ರಶ್ನಾವಳಿಯ ಅಂಕ) ಏರ್ತಿಲ್ಲ ಅಂದ್ರಲ್ಲ, ತೊಂದರೆ ಬಹುಶಃ ಮುಖದ್ದಲ್ಲ, ಟೈಮಿಂಗ್‌ದು. ಮನುಷ್ಯರ ಮಾತಲ್ಲಿ ಒಬ್ರು ನಿಲ್ಸಿದ ಮೇಲೆ ಇನ್ನೊಬ್ರು ಶುರು ಮಾಡೋಕೆ ಸಾಮಾನ್ಯವಾಗಿ 200 ಮಿಲಿಸೆಕೆಂಡ್ ಆಸುಪಾಸು ಸಾಕು. ನಿಮ್ಮ ಕ್ಯಾರೆಕ್ಟರ್ ಮೌನ ಪಕ್ಕಾ ಆಗ್ಲಿ ಅಂತ ಕಾದು, ಮಾತನ್ನ ಟೆಕ್ಸ್ಟ್ ಮಾಡಿ, ಉತ್ತರ ಹುಡುಕಿ, ದನಿ ತಯಾರಿಸೋ ಹೊತ್ತಿಗೆ ಎರಡು ಸೆಕೆಂಡ್ ದಾಟಿರಬಹುದು, ಎದುರಿನವರು 'ಕೇಳಿಸ್ತಾ?' ಅಂತ ಮತ್ತೆ ಶುರು ಮಾಡ್ತಾರೆ, ಅಷ್ಟರಲ್ಲಿ ಇದೂ ಬಾಯಿ ಬಿಡುತ್ತೆ.

ಮೊದಲು ಲಾಗ್ (ಯಾವುದು ಯಾವಾಗ ಆಯ್ತು ಅನ್ನೋ ದಾಖಲೆ) ತೆಗೀರಿ: ಬಳಕೆದಾರರ ದನಿ ನಿಂತ ಕ್ಷಣ, ಕ್ಯಾರೆಕ್ಟರ್ ಮೊದಲು ಅಲುಗಾಡಿದ ಕ್ಷಣ, ಮೊದಲ ಶಬ್ದ. ಗ್ಯಾಪ್ ದೊಡ್ಡದಿದ್ರೆ ಅವರ ಮಾತು ನಿಂತ ತಕ್ಷಣ ಸಣ್ಣದಾಗಿ ತಲೆ ಆಡ್ಸಿ, ಕಣ್ಣು ಪಕ್ಕಕ್ಕೆ ಸರಿಸಿ 'ಹಾಂ...' ಅನ್ನಿಸಿ, ತನ್ನ ಮಾತು ಮುಗಿಸುವಾಗ ನೋಟ ವಾಪಸ್ ಅವರ ಕಡೆ ಬರ್ಲಿ, ಸರದಿ ಬಿಟ್ಕೊಡೋದು ಹಾಗೆ ತಾನೇ. ಆಮೇಲೆ ದನಿ ಸ್ಟ್ರೀಮ್ ಮಾಡಿ, ಪೂರ್ತಿ ಉತ್ತರಕ್ಕೆ ಕಾಯೋದು ಬೇಡ. ಮೌನದ ಮಿತಿಯನ್ನ (ಎಷ್ಟು ಹೊತ್ತು ಸುಮ್ನಿದ್ರೆ ಮಾತು ಮುಗೀತು ಅಂತ ಲೆಕ್ಕ ಅನ್ನೋದನ್ನ) ಮಾತ್ರ ಸುಮ್ನೆ ಇಳಿಸ್ಬೇಡಿ, 'ಅದು... ಏನಂದ್ರೆ...' ಅಂತ ಯೋಚಿಸ್ತಾ ನಿಂತವರ ಮಾತು ಕತ್ತರಿಸಿಬಿಡುತ್ತೆ. ಎಷ್ಟಿಡ್ಬೇಕು ಅನ್ನೋದು ನಿಮ್ಮ ರೆಕಾರ್ಡಿಂಗ್ ನೋಡದೆ ಹೇಳೋಕಾಗಲ್ಲ.

ಟೆಸ್ಟ್‌ಗೆ ಹಳೇದು, ಹೊಸದು ಎರಡನ್ನೂ ಪ್ರತಿಯೊಬ್ರಿಗೂ ತೋರ್ಸಿ, ಅರ್ಧ ಜನಕ್ಕೆ ಕ್ರಮ ಉಲ್ಟಾ ಮಾಡಿ. ಪ್ರಶ್ನಾವಳಿ ಒಂದನ್ನೇ ನಂಬ್ಬೇಡಿ, ಮಾತು ಡಿಕ್ಕಿ ಹೊಡೆದದ್ದು ಎಷ್ಟು ಸಲ, ಅದನ್ನೇ ಮತ್ತೆ ಹೇಳಿದ್ದೆಷ್ಟು ಸಲ ಅಂತ ಲಾಗ್‌ನಿಂದ ಎಣಿಸಿ.